ಎಡಕ್ಕೆ ಸುತ್ತಿದ ಊರು

"ಶೂ ಬಾಗಿಲಲ್ಲೇ ಬಿಟ್ಟು ಬಾಪ್ಪಾ ನಿತಿನ್. ಊರೊಳಗೆ ಕಾಲಿಡ್ತಾ ಇದೀಯ, ನೋಡ್ಕೊಂಡು ಬಾ."

ನಿತಿನ್ ಹೊಸ್ತಿಲಲ್ಲೇ ನಿಂತುಬಿಟ್ಟ. ತುಳಸಿಯ ಮನೆಯ ಹಾಲ್‌ನಲ್ಲಿ ಕಾಫಿ ಟೇಬಲ್ ಗೋಡೆಗೆ ಸರಿದಿತ್ತು, ಸೋಫಾ ಹಿಂದಕ್ಕೆ ಹೋಗಿತ್ತು, ತಿಳಿಬೂದು ಕಾರ್ಪೆಟ್ಟಿನ ತುಂಬ ಫೋಟೋಗಳು ಹರಡಿದ್ದವು. ಟಿ.ವಿ.ಯ ಕೆಳಗೆ ಇಟ್ಟಿಗೆಯ ದುಂಡು ಕೋಟೆಯೊಂದು. ನಟ್ಟನಡುವೆ ವಿಶಾಲವಾದ ಚೌಕ, ಚೌಕದ ಮೂಲೆಗೆ ಒಂದಕ್ಕೊಂದು ಎತ್ತರ ಕೂಡದ ಎರಡು ಗೋಪುರಗಳ ಚರ್ಚು. ಡೈನಿಂಗ್ ಟೇಬಲ್ಲಿನ ಕಾಲ ಬಳಿ ಗುಡ್ಡದ ಮೇಲಿನ ಅರಮನೆ. ಇವೆಲ್ಲವನ್ನೂ ಉಂಗುರದ ಹಾಗೆ ಸುತ್ತುವರಿದು, ಹಳದಿ ಎಲೆ ಉದುರಿದ ತೋಟವೊಂದರ ಚಿತ್ರಗಳು.

"ಕ್ರಾಕೋವ್," ಎಂದ ಅವನು.

"ಹೌದು. ಪೋಲೆಂಡಿಗೆ ನಾನು ಹೋಗಿಲ್ಲ. ಅದಕ್ಕೇ ಪೋಲೆಂಡೇ ಸ್ಯಾನ್ ಡಿಯಾಗೋಗೆ ಬಂದಿದೆ," ಎಂದರು ಶಾಮಲಾ. ಕಾರ್ಪೆಟ್ಟಿನ ಮೇಲೆ ಮಂಡಿಯೂರಿದ್ದವರು ಸೋಫಾ ಹಿಡಿದುಕೊಂಡು ನಿಧಾನವಾಗಿ ಎದ್ದರು. ಅರವತ್ತೆಂಟರ ಮಂಡಿಗಳು ತಮ್ಮ ಅಭಿಪ್ರಾಯವನ್ನು ಹೇಳಿಯೇ ಎದ್ದವು.

ಇದೇ ಊರಿಗೆ ಆಫೀಸಿನ ಕೆಲಸದ ಮೇಲೆ ಚಂದ್ರಮೋಹನ್ ಜೊತೆ ಹೋಗಿದ್ದವನು ನಿತಿನ್. ಹೋದವರು ಇಬ್ಬರು, ಬಂದವನು ಅವನೊಬ್ಬ.

ಚಂದ್ರಮೋಹನ್ ತುಳಸಿಯ ಗಂಡ. ಈಗ ವಾರಗಳೇ ಕಳೆದರೂ ಫೋನ್ ಎತ್ತುತ್ತಿರಲಿಲ್ಲ. ದಿನಕ್ಕೊಂದು ಸಾಲಿನ ಮೆಸೇಜ್ ಮಾತ್ರ ಬರುತ್ತಿತ್ತು: ಚೆನ್ನಾಗಿದ್ದೇನೆ, ಒಂದು ಕೆಲಸ ಬಾಕಿ ಇದೆ. ಮೆಸೇಜ್ ಬರುತ್ತಿರುವ ಮನುಷ್ಯನನ್ನು ಕಾಣೆಯಾದವನೆಂದು ಬರೆದುಕೊಳ್ಳಲು ಪೊಲೀಸರು ಒಪ್ಪಿರಲಿಲ್ಲ. ಆ ಸಾಲನ್ನು ಬರೆಯುತ್ತಿರುವ ಬೆರಳು ತನ್ನ ಗಂಡನದೇ ಎಂದು ತುಳಸಿ ಒಪ್ಪಿರಲಿಲ್ಲ. ಅದಕ್ಕೇ ಅವಳು ಶಾಮಲಕ್ಕನನ್ನು ಕರೆದಿದ್ದಳು.

ತುಳಸಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ನಿತಿನ್‌ನನ್ನು ಬಾ ಎನ್ನಲಿಲ್ಲ, ಕೂತುಕೋ ಎನ್ನಲಿಲ್ಲ. ಮೂರು ವರ್ಷ ಪ್ರತಿ ಹಬ್ಬಕ್ಕೂ ಇದೇ ಮನೆಯಲ್ಲಿ ಉಂಡ ಹುಡುಗ ಅವನು.

ಸೋಫಾದ ತುದಿಯಲ್ಲಿ ಕೂತಿದ್ದ ರುದ್ರಪ್ಪನವರೇ ಅವನನ್ನು ಕರೆದರು. ಲಾಂಗ್ ಬೀಚ್ ಬಂದರಿನ ಕ್ರೇನುಗಳನ್ನು ರಿಪೇರಿ ಮಾಡಿ ನಿವೃತ್ತರಾದ ಗದಗಿನ ಮನುಷ್ಯ. ನಾರ್ತ್‌ರಿಜ್‌ನಿಂದ ಶಾಮಲಾ ಎಲ್ಲಿಗೆ ಹೊರಟರೂ ಕಾರು ಅವರದೇ.

"ಬಾ ತಮ್ಮಾ, ಅಂಜಬ್ಯಾಡ. ಆ ಚರ್ಚಿನ ಮ್ಯಾಲೆ ಮಾತ್ರ ಕಾಲಿಡಬ್ಯಾಡ, ಅಕ್ಕಾರು ಬೈತಾರ. ಮುಂಜಾನಿಂದ ನನಗ ಎರಡು ಸಲ ಆಗೇದ."

ನಿತಿನ್ ನಗಲಿಲ್ಲ. ಶೂ ಬಿಚ್ಚಿ ಜೋಡಿಸಿಟ್ಟ. ತನ್ನದನ್ನಷ್ಟೇ ಅಲ್ಲ, ಪಕ್ಕದಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ರುದ್ರಪ್ಪನವರ ಚಪ್ಪಲಿಯನ್ನೂ.

ಶಾಮಲಾ ಅದನ್ನು ಗಮನಿಸಿದರು. ಇನ್ನೊಂದನ್ನು ಅವರು ಆಗಲೇ ಕಿಟಕಿಯಿಂದ ಗಮನಿಸಿದ್ದರು. ಕಾರು ನಿಲ್ಲಿಸಿದ ಹುಡುಗ ನೇರ ಬಾಗಿಲಿಗೆ ಬರಲಿಲ್ಲ. ನಿನ್ನೆಯಿಂದ ರಸ್ತೆಯಂಚಿನಲ್ಲಿದ್ದ ಕಸದ ಡಬ್ಬಿಗಳನ್ನು ಉರುಳಿಸಿಕೊಂಡು ಬಂದು ಗ್ಯಾರೇಜಿನ ಪಕ್ಕ ನಿಲ್ಲಿಸಿ, ಆಮೇಲೆ ಬೆಲ್ ಒತ್ತಿದ. ವಾರವಾರವೂ ಪಕ್ಕದ ಮನೆಯವರು ಇಡುತ್ತಾರೆಂದು ತುಳಸಿ ತಿಳಿದಿದ್ದಳು.

ಒಬ್ಬ ಮನುಷ್ಯನಿಗೆ ಕೇಡು ಮಾಡಿದವನು ಆ ಮನುಷ್ಯನ ಕಸದ ಡಬ್ಬಿಯನ್ನು ಒಳಗಿಡುತ್ತಾನೆಯೇ? ಇಟ್ಟರೂ ಇಡಬಹುದು, ಎಂದುಕೊಂಡರು ಶಾಮಲಾ. ಯೂನಿವರ್ಸಿಟಿ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೂತವರಿಗೆ, ಪುಸ್ತಕದ ಹಾಳೆ ಹರಿದವರೇ ಎಲ್ಲರಿಗಿಂತ ಮೃದುವಾಗಿ ಥ್ಯಾಂಕ್ಸ್ ಹೇಳಿ ಹೋಗುವುದೂ ಗೊತ್ತಿತ್ತು.

"ನನಗೊಂದು ಸಹಾಯ ಮಾಡಪ್ಪ. ನೀನೂ ಅಂಕಲ್ಲೂ ಈ ಊರಲ್ಲಿ ಹೇಗೆ ಓಡಾಡಿದ್ರಿ, ಒಂದ್ಸಲ ನಡೆದು ತೋರಿಸು."

"ಇಲ್ಲೇನಾ?"

"ಇಲ್ಲೇ. ನಿಂಗೆ ಎಲ್ಲಿ ಬೇಕೋ ಅಲ್ಲಿಂದ ಶುರು ಮಾಡು."

ಅವನು ಟಿ.ವಿ.ಯ ಕೆಳಗಿನ ದುಂಡು ಕೋಟೆಯ ಬಳಿ ಹೋಗಿ ನಿಂತ. ಕಾಲ್ಬೆರಳುಗಳನ್ನು ಒಳಕ್ಕೆ ಮಡಚಿಕೊಂಡು, ತಪ್ಪು ಮಾಡಿದ ಶಾಲೆಯ ಮಗುವಿನ ಹಾಗೆ.

"ಇಲ್ಲಿಂದ ಆಂಟಿ. ಬಾರ್ಬಿಕನ್. ಊರ ಬಾಗಿಲು ಕಾಯೋಕೆ ಕಟ್ಟಿದ್ದಂತೆ. ಅದರ ಹಿಂದೇನೇ ಈ ಗೇಟ್ ಟವರ್. ಹಿಂದೆ ರಾಜರು ಇದರೊಳಗಿಂದಾನೇ ಊರಿಗೆ ಬರ್ತಿದ್ರಂತೆ. ಒಳಗೆ ಹೋದ್ರೆ ಈ ರಸ್ತೆ. ನೇರ ಹೋದ್ರೆ ಚೌಕ."

ಅವನು ಫೋಟೋಗಳ ನಡುವಿನ ಸಂದಿಯಲ್ಲಿ ಹೆಜ್ಜೆ ಇಡುತ್ತ ಬಂದ. ಅವನ ಹಿಂದೆ ಶಾಮಲಾ. ಟಿ.ವಿ.ಯಿಂದ ಡೈನಿಂಗ್ ಟೇಬಲ್ಲಿನವರೆಗಿನ ಜಾಗದಲ್ಲಿ ಏಳೆಂಟು ನೂರು ವರ್ಷದ ಊರೊಂದು ಅವರಿಬ್ಬರ ಕಾಲ ಕೆಳಗೆ ಸರಿಯತೊಡಗಿತು.

"ಇದು ಸೇಂಟ್ ಮೇರಿ ಚರ್ಚ್. ಗಂಟೆಗೊಂದ್ಸಲ ಆ ಎತ್ತರದ ಗೋಪುರದಿಂದ ಒಬ್ಬ ಕಹಳೆ ಊದ್ತಾನೆ. ಪೂರ್ತಿ ಊದಲ್ಲ, ಮಧ್ಯದಲ್ಲೇ ಗಕ್ಕನೆ ನಿಲ್ಲಿಸ್ತಾನೆ. ಹಿಂದೆ ಯಾವಾಗ್ಲೋ ಶತ್ರುಗಳು ಬಂದಾಗ ಊದ್ತಾ ಇದ್ದವನ ಗಂಟಲಿಗೆ ಬಾಣ ಬಿತ್ತಂತೆ. ಅದಕ್ಕೇ ಇವತ್ತಿಗೂ ಅಲ್ಲಿಗೇ ನಿಲ್ಲಿಸ್ತಾರಂತೆ."

"ಅಂಕಲ್ ಏನಂದ್ರು?"

"ಕಹಳೆ ನಿಲ್ಲೋವರೆಗೂ ಕೈಮುಗಿದು ನಿಂತಿದ್ರು. ಆಮೇಲೆ, ಪಾಪ, ಮುಗಿಸೋಕೆ ಬಿಡಲಿಲ್ಲ ನೋಡು, ಅಂದ್ರು."

ಅಡುಗೆಮನೆಯ ಕಟ್ಟೆಯ ಮೇಲೆ ತುಳಸಿಯ ಬಳೆ ಸದ್ದಾಯಿತು.

"ಮುಂದೆ?"

"ಈ ಉದ್ದದ ಕಟ್ಟಡ ಬಟ್ಟೆ ವ್ಯಾಪಾರದ ಹಳೇ ಮಾರ್ಕೆಟ್. ಇದನ್ನ ದಾಟಿ ಈ ರಸ್ತೆ. ಇಲ್ಲೊಂದು ಚರ್ಚ್ ಮುಂದೆ ಹನ್ನೆರಡು ಜನ ಸಂತರು ಸಾಲಾಗಿ ನಿಂತಿದಾರೆ. ನಾನು ಫೋನಲ್ಲಿ ಮ್ಯಾಪ್ ತೆಗೆದು ಎತ್ತ ಹೋಗ್ಬೇಕು ಅಂತ ನೋಡೋಷ್ಟರಲ್ಲಿ ಅಂಕಲ್ ಆಗಲೇ ತಿರುಗಿಬಿಟ್ಟಿರೋರು. ಬಾರೋ, ಅದನ್ನ ಯಾಕೆ ಕೇಳ್ತೀಯ, ನನ್ನ ಕೇಳು, ಅನ್ನೋರು."

"ಇವ್ರಾ?" ತುಳಸಿ ಮೊದಲ ಬಾರಿಗೆ ಬಾಯಿ ಬಿಟ್ಟಳು. "ಇವ್ರಿಗೆ ನಮ್ಮ ಈ ಮೀರಾ ಮೆಸಾದಿಂದ ಏರ್‌ಪೋರ್ಟ್‌ಗೆ ಹೋಗೋಕೂ ಜಿಪಿಎಸ್ ಬೇಕು."

ಶಾಮಲಾ ಆ ಮಾತನ್ನು ಮನಸ್ಸಿನ ಒಂದು ಮೂಲೆಗೆ ಇಟ್ಟರು. ಅದು ಅಲ್ಲಿ ಸರಿಯಾಗಿ ಕೂರಲಿಲ್ಲ.

"ಕೊನೆಗೆ ವಾವೆಲ್ ಗುಡ್ಡ. ಮೇಲೆ ಅರಮನೆ, ಕೆಳಗೆ ನದಿ. ನದಿ ಹತ್ರ ಬೆಂಕಿ ಉಗುಳೋ ಡ್ರ್ಯಾಗನ್ ಬೊಂಬೆ ಒಂದಿದೆ. ಅಂಕಲ್ ಅದಕ್ಕೂ ಒಂದು ಪ್ರದಕ್ಷಿಣೆ ಬಂದ್ರು."

"ಡ್ರ್ಯಾಗನ್ನಿಗೆ?"

"ಅಂಕಲ್ ಅಲ್ವಾ ಆಂಟಿ. ಚರ್ಚಿಗೆ, ಮಾರ್ಕೆಟ್ಟಿಗೆ, ಅಲ್ಲಿದ್ದ ಪ್ರತಿಮೆಗೆ, ಎಲ್ಲಕ್ಕೂ ಬಂದ್ರು."

"ಬಲಕ್ಕೆ ಇಟ್ಕೊಂಡೇ?"

"ಇನ್ನೇನು, ಎಡಕ್ಕೆ ಇಟ್ಕೊಂಡು ಬರ್ತಾರಾ."

ಬಂದಿತು, ಎಂದುಕೊಂಡರು ಶಾಮಲಾ. ಒತ್ತಾಯಿಸದೆಯೇ, ಅವನ ಬಾಯಿಂದಲೇ ಬಂದಿತು.

ಚಂದ್ರಮೋಹನ್ ಅವರ ಈ ಅಭ್ಯಾಸ ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆಲ್ಲ ಗೊತ್ತು. ಮಾಲಿಬು ದೇವಸ್ಥಾನದಲ್ಲಷ್ಟೇ ಅಲ್ಲ, ಗುಡಿ ಚರ್ಚು ಮಸೀದಿ ಸ್ಮಾರಕ ಯಾವುದೇ ಇರಲಿ, ಅದನ್ನು ಬಲಗೈಗೆ ಇಟ್ಟುಕೊಂಡು ಒಂದು ಸುತ್ತು ಬರದೆ ಅವರು ಅಲ್ಲಿಂದ ಹೊರಡುವವರಲ್ಲ. ರಸ್ತೆಯ ರೌಂಡಬೌಟ್ ಬಂದರೆ ಸ್ಟಿಯರಿಂಗ್ ಹಿಡಿದು ಗೊಣಗುತ್ತಿದ್ದರು: ಈ ದೇಶ ಮನುಷ್ಯನ ಕೈಯಲ್ಲಿ ದಿನಾ ಅಪ್ರದಕ್ಷಿಣೆ ಹಾಕಿಸುತ್ತದೆ. ಯುಗಾದಿ ಊಟದ ಪಂಕ್ತಿಯಲ್ಲಿ ಅದನ್ನು ಹೇಳಿ ನಗಿಸುತ್ತಿದ್ದರು.

"ಸರಿ. ಈಗ ಕೊನೇ ದಿನ," ಎಂದರು ಶಾಮಲಾ. "ನೀನು ವಾಪಸ್ ಹೊರಡೋ ದಿನ ಬೆಳಿಗ್ಗೆ. ಈ ತೋಟ."

ಹಳೆಯ ಕೋಟೆಗೋಡೆ ಇದ್ದ ಜಾಗದಲ್ಲಿ ಬೆಳೆಸಿದ ತೋಟ ಅದು. ಊರನ್ನು ಪೂರ್ತಿ ಬಳಸಿ ಬರುತ್ತದೆ. ಅದರ ಸುತ್ತು ಶಾಮಲಾಗೆ ಗೊತ್ತಾದದ್ದು ಕಳೆದ ಭಾನುವಾರ. ಬಾಲ್ಬೋವಾ ಪಾರ್ಕಿನಲ್ಲಿ ದೇಶಕ್ಕೊಂದರಂತೆ ಇರುವ ಪುಟ್ಟ ಮನೆಗಳ ನಡುವೆ ಪೋಲೆಂಡಿನವರ ಮನೆಯನ್ನು ಹುಡುಕಿಕೊಂಡು ಅವರು, ರುದ್ರಪ್ಪ ಹೋಗಿದ್ದರು. ಹಲೀನಾ ಎಂಬ ಬಿಳಿಗೂದಲಿನ ಹೆಂಗಸು, ಅದೇ ಊರಿನಲ್ಲಿ ಹುಟ್ಟಿದವರು, ಇವರ ಫೋಟೋಗಳನ್ನು ಒಂದೊಂದಾಗಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ ಯಾವುದು ಎಲ್ಲಿ ಎಂದು ಹೇಳಿದರು. ಅಪರಿಚಿತರಿಗಾಗಿ ಅರ್ಧ ಮಧ್ಯಾಹ್ನ ಕೊಟ್ಟರು. ಹೊರಡುವಾಗ ಗಸಗಸೆ ತುಂಬಿದ ಕೇಕಿನ ಎರಡು ತುಂಡು ಕಟ್ಟಿಕೊಟ್ಟು, ತಮ್ಮೂರಿನ ಮಾತಾಡುತ್ತ ಬಾಗಿಲವರೆಗೂ ಬಂದರು: ಬರುವ ಶನಿವಾರ ಸತ್ತವರನ್ನು ನೆನೆಯುವ ದಿನ, ನಮ್ಮ ಊರಿಗೆ ಊರೇ ದೀಪ ಹಿಡಿದು ಸ್ಮಶಾನಕ್ಕೆ ನಡೆಯುತ್ತದೆ, ನಮ್ಮಮ್ಮನ ಸಮಾಧಿಗೆ ನನ್ನ ತಂಗಿ ಇಡುತ್ತಾಳೆ.

ಒಳ್ಳೆಯ ಹೆಂಗಸು, ಎಂದುಕೊಂಡು ಶಾಮಲಾ ಕೇಕನ್ನು ತೆಗೆದುಕೊಂಡಿದ್ದರು. ಮಾತನ್ನು ಅಲ್ಲೇ ಬಿಟ್ಟು ಬಂದಿದ್ದರು.

"ಆ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ತೋಟ ಸುತ್ತಿದ್ರಿ. ಅಂಕಲ್ ದಾರಿಯುದ್ದಕ್ಕೂ ಫೋಟೋ ತೆಗೀತಾ ಬಂದ್ರು. ನೀನು ತುಳಸಿಗೆ ಹೇಳಿದ್ದು ಹಾಗೇ ತಾನೆ?"

"ಹ್ಞೂಂ."

"ಸುತ್ತು. ನೋಡ್ತೀನಿ."

ನಿತಿನ್ ಮತ್ತೆ ಬಾರ್ಬಿಕನ್ ಬಳಿ ಬಂದು ನಿಂತ. ಒಂದು ಗಳಿಗೆ ಯೋಚಿಸಿದ. ಆಮೇಲೆ ಊರನ್ನು ಬಲಗೈಗೆ ಇಟ್ಟುಕೊಂಡು, ಸೋಫಾದ ಪಕ್ಕದ ನಾಟಕಶಾಲೆಯ ಕಡೆಗೆ ಹೆಜ್ಜೆ ಹಾಕಿದ.

"ಅಲ್ಲೇ ನಿಲ್ಲಪ್ಪ," ಎಂದರು ಶಾಮಲಾ.

ರುದ್ರಪ್ಪ ಸೋಫಾದಿಂದ ಮುಂದಕ್ಕೆ ಬಗ್ಗಿದರು.

"ಅಂಕಲ್ ಫೋನಲ್ಲಿ ತೆಗೆದ ಫೋಟೋಗಳೆಲ್ಲ ಈ ಮನೆಯ ಟ್ಯಾಬ್ಲೆಟ್ಟಿಗೂ ತಾವಾಗಿಯೇ ಬಂದು ಸೇರುತ್ವೆ. ಬಹುಶಃ ಅವರಿಗೇ ಅದು ಗೊತ್ತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಾ ಅದರಲ್ಲಿದೆ. ಮೊದಲು ನೀನು ನಿಂತಿದ್ದ ಕೋಟೆ. ಆಮೇಲೆ ನಾಟಕಶಾಲೆ ಅಲ್ಲ. ಅಲ್ಲಿ ನೋಡು, ದೇವರ ಮನೆ ಬಾಗಿಲ ಹತ್ರ, ಆ ಕೆಂಪಿಟ್ಟಿಗೆಯ ಯೂನಿವರ್ಸಿಟಿ ಕಟ್ಟಡ. ಅಲ್ಲಿಂದ ಗುಡ್ಡ. ಎಲ್ಲಕ್ಕಿಂತ ಕೊನೆಗೆ ನಾಟಕಶಾಲೆ. ಊರು ಎಡಗೈಗೆ ಬಂತು. ಡ್ರ್ಯಾಗನ್ನಿಗೂ ಬಲಸುತ್ತು ಬಂದ ಮನುಷ್ಯ ಒಂದಿಡೀ ಊರನ್ನ ಎಡಕ್ಕೆ ಸುತ್ತಿದ."

ನಿತಿನ್‌ನ ಕಾಲು ಇಟ್ಟ ಹೆಜ್ಜೆಯನ್ನು ಹಿಂದಕ್ಕೆಳೆದುಕೊಂಡಿತು.

"ಆ ಫೋನು ಆ ಬೆಳಿಗ್ಗೆ ಅಂಕಲ್ ಕೈಯಲ್ಲಿ ಇರಲಿಲ್ಲ. ಇದ್ದಿದ್ರೆ ಸುತ್ತು ಹೀಗಾಗ್ತಿರಲಿಲ್ಲ. ನೀನು ಜೊತೆಗೂ ಇರಲಿಲ್ಲ. ಇದ್ದಿದ್ರೆ ಯಾವ ಕಡೆಯಿಂದ ಸುತ್ತಿದ್ರಿ ಅಂತ ನಿಂಗೆ ಗೊತ್ತಿರ್ತಿತ್ತು."

ತುಳಸಿ ಕಟ್ಟೆಯನ್ನು ಬಿಟ್ಟು ಬಂದಳು. ಫೋಟೋಗಳ ಮೇಲೆಯೇ ನಡೆದು ಬಂದಳು. ಅಕ್ಕಾರು ಬೈಯಲಿಲ್ಲ.

"ನಿತಿನ್," ಎಂದಳು. "ಮಧ್ಯಾಹ್ನ ಪೊಲೀಸ್ ಸ್ಟೇಶನ್ನಿಗೆ ಹೋಗ್ತಿದೀನಿ. ನಿನ್ನ ಹೆಸರು ಕೊಡ್ತೀನಿ. ನಿನ್ನ ವೀಸಾ ಏನಾಗತ್ತೋ, ಕೆಲಸ ಏನಾಗತ್ತೋ ನಂಗೆ ಬೇಡ. ನಂಗೆ ಒಂದೇ ಒಂದು ಹೇಳು. ನಮ್ಮನೆಯವರು ಬದುಕಿದಾರಾ?"

ಅವಳು ಕೂಗಲಿಲ್ಲ. ಕೂಗಿದ್ದರೆ ಕೇಳುವುದು ಸುಲಭವಾಗಿರುತ್ತಿತ್ತು.

ನಿತಿನ್ ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟ. ಸುತ್ತಲೂ ಹಳದಿ ಎಲೆ.

"ಬದುಕಿದಾರೆ ಆಂಟಿ. ನಾನು ಬಿಟ್ಟು ಬರೋವಾಗ ಚೆನ್ನಾಗೇ ಇದ್ರು. ಫೋನ್ ಅವರ ಕೈಯಲ್ಲೇ ಇತ್ತು. ನಾನು ಜೊತೇಲಿ ಇರಲಿಲ್ಲ, ಅದು ನಿಜ. ಇದ್ದೆ ಅಂತ ಹೇಳು ಅಂದಿದ್ದು ಅವರೇ."

"ಅವರೇ ತೆಗೆದ್ರು ಅಂತ ಹೇಗೆ ಹೇಳ್ತೀಯ?" ಎಂದರು ಶಾಮಲಾ.

"ನೋಡಿದೆ. ನಾನು ಬೇಗ ಎದ್ದು ಬ್ರೆಡ್ ತರೋಕೆ ಹೋಗಿದ್ದೆ. ಅಲ್ಲಿ ಬಳೆ ಥರ ದುಂಡಗಿರೋ ಬ್ರೆಡ್ಡನ್ನ ಗಾಡೀಲಿ ಮಾರ್ತಾರೆ, ಅಂಕಲ್‌ಗೆ ಇಷ್ಟ. ವಾಪಸ್ ಬರೋವಾಗ ತೋಟದಲ್ಲಿ ಅವರು ಬರ್ತಾ ಇದ್ರು. ಕರೆಯೋಣ ಅಂದ್ಕೊಂಡೆ. ಕರೆಯೋಕಾಗಲಿಲ್ಲ."

"ಯಾಕೆ?"

"ಬರಿಗಾಲಲ್ಲಿ ನಡೀತಿದ್ರು. ಅಷ್ಟು ಚಳಿಯಲ್ಲಿ. ಶೂ ಕೈಯಲ್ಲಿ ಹಿಡ್ಕೊಂಡಿದ್ರು. ಅಳ್ತಾ ಇದ್ರು ಅಂತ ಕಾಣತ್ತೆ, ದೂರದಿಂದ ಗೊತ್ತಾಗಲಿಲ್ಲ. ನಾನೊಂದು ಬೆಂಚ್ ಮೇಲೆ ಕೂತ್ಕೊಂಡೆ. ಅವರು ಇನ್ನೊಂದ್ಸಲ ಬಂದ್ರು. ಮತ್ತೂ ಒಂದ್ಸಲ ಬಂದ್ರು. ಬ್ರೆಡ್ ತಣ್ಣಗಾಗಿ ಹೋಯ್ತು."

ಬರಿಗಾಲು. ಶಾಮಲಾ ತಟ್ಟನೆ ಸುತ್ತ ನೋಡಿದರು.

"ರುದ್ರಪ್ಪನವರೇ, ಆ ಎಲೆಗಳ ಫೋಟೋ ಎಲ್ಲಿ?"

"ಯಾವುದ್ರಿ? ಕೈತಪ್ಪಿ ಒತ್ತಿದ್ದಾ?"

"ಅದೇ. ಊರೇ ಕಾಣಲ್ಲ, ಬರೀ ನೆಲ ಇದೆ ಅಂತ ತೆಗೆದಿಟ್ಟಿದ್ವಲ್ಲ."

ಅದು ಸೋಫಾದ ದಿಂಬಿನ ಕೆಳಗಿತ್ತು. ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವಾಗಲೇ ರುದ್ರಪ್ಪ ಬೇಡವೆಂದಿದ್ದರು. ಹಾಳೆಯ ತುಂಬ ಒದ್ದೆ ಎಲೆಗಳು, ಕೆಳಗಿನ ಅಂಚಿನಲ್ಲಿ ನಸುಬಿಳಿಯ ಬೆಣಚುಕಲ್ಲಿನಂಥದ್ದೇನೋ ಇಣುಕಿತ್ತು. ಶಾಮಲಾ ಅದನ್ನು ಕಲ್ಲೆಂದೇ ತಿಳಿದಿದ್ದರು.

ತುಳಸಿ ಅದನ್ನು ಕಿಟಕಿಯ ಬೆಳಕಿಗೆ ಒಯ್ದಳು. ಬಹಳ ಹೊತ್ತು ನೋಡಲಿಲ್ಲ, ನೋಡಬೇಕಾಗಿರಲಿಲ್ಲ.

"ಹೆಬ್ಬೆರಳು," ಎಂದಳು. "ಗ್ಯಾರೇಜಲ್ಲಿ ಸುತ್ತಿಗೆ ಬಿದ್ದು ಉಗುರು ಎರಡಾಗಿ ಬೆಳೀತು. ಪ್ರತಿ ಭಾನುವಾರ ನಾನೇ ಕತ್ತರಿಸಿಕೊಡೋದು. ಅವರಿಗೆ ಬಗ್ಗೋಕಾಗಲ್ಲ."

ಅವಳು ಫೋಟೋವನ್ನು ಎದೆಗೊತ್ತಿಕೊಳ್ಳಲಿಲ್ಲ. ಸೆರಗಿನ ತುದಿಯಿಂದ ಅದರ ಮೇಲಿದ್ದ ಧೂಳನ್ನು ಒರೆಸಿದಳು, ಅಷ್ಟೆ.

ರುದ್ರಪ್ಪ ಎದ್ದು ಒಳಗೆ ಹೋದರು. ನೀರು ತುಂಬಿದ ಸದ್ದು ಕೇಳಿತು. ಎರಡು ಲೋಟ ತಂದರು. ಒಂದನ್ನು ತುಳಸಿಗೆ ಕೊಟ್ಟು, ಇನ್ನೊಂದನ್ನು ನೆಲದ ಮೇಲೆ ಕೂತಿದ್ದ ಹುಡುಗನ ಮುಂದೆ ಇಟ್ಟರು.

"ಕುಡಿ ತಮ್ಮಾ. ಮೊದಲ ಕೊಡಬೇಕಿತ್ತು, ಮರ್ತಿದ್ವಿ."

ಶಾಮಲಾಗೆ ಮುಖ ಬಿಸಿಯಾಯಿತು. ನಿನ್ನೆ ನಾರ್ತ್‌ರಿಜ್‌ನಿಂದ ಫೋನ್ ಮಾಡಿ, ತುಳಸಿ, ಈ ಫೋಟೋ ತೆಗೆದದ್ದು ಚಂದ್ರಮೋಹನ್ ಅಲ್ಲ, ಎಂದವರು ಅವರೇ. ಆ ಒಂದು ಮಾತಿನ ಮೇಲೆ ಈ ಮನೆ ರಾತ್ರಿಯಿಡೀ ಕೂತಿತ್ತು. ಆದರೆ ಲೆಕ್ಕ ತಪ್ಪಿದ್ದು ಎಲ್ಲಿ? ಮನುಷ್ಯ ಚಂದ್ರಮೋಹನ್ ಅವರೇ, ಕಾಲು ಅವರದೇ, ಸುತ್ತು ಮಾತ್ರ ಅವರದಲ್ಲ.

"ನಿತಿನ್, ನೀನು ನೋಡಿದಾಗ ಅವರು ಎಡಕ್ಕೇ ಸುತ್ತುತ್ತಿದ್ರಾ?"

"ಹೌದು."

"ಈಗ ತೋರಿಸುವಾಗ ಬಲಕ್ಕೆ ಯಾಕೆ ನಡೆದೆ?"

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ತುಳಸಿ ಆಂಟಿ ಮನೆಯೊಳಗೆ ಎಡಕ್ಕೆ ನಡೆಯೋಕೆ ಕಾಲು ಬರಲಿಲ್ಲ." ಅವನು ತಲೆಯೆತ್ತದೆ ಹೇಳಿದ. "ಹೋದ ವರ್ಷ ನಮ್ಮಪ್ಪ ಹೋದಾಗ ಬೆಂಗಳೂರಿಗೆ ಹೋಗಿದ್ನಲ್ಲ. ಹೆಗಲ ಮೇಲೆ ಮಡಕೆ ಇಟ್ಟು ಚಿತೆ ಸುತ್ತು ಅಂದ್ರು. ನಾನು ಅಭ್ಯಾಸಬಲದ ಮೇಲೆ ಬಲಕ್ಕೆ ಹೊರಟೆ. ಪುರೋಹಿತರು ಭುಜ ಹಿಡಿದು ತಿರುಗಿಸಿದ್ರು. ಈ ಕಡೆಯಿಂದ ಅಲ್ಲಪ್ಪ, ಇವತ್ತು ಎಡಕ್ಕೆ, ಅಂದ್ರು. ಮೂರು ಸುತ್ತು."

ಶಾಮಲಾ ನಿಧಾನವಾಗಿ ಸೋಫಾದ ಮೇಲೆ ಕೂತರು. ದೈವಭಕ್ತನಾದ ಮನುಷ್ಯ ಎಂದೂ ಎಡಕ್ಕೆ ಸುತ್ತುವುದಿಲ್ಲ ಎಂದು ಅವರು ಎಷ್ಟು ಗಟ್ಟಿಯಾಗಿ ನಂಬಿದ್ದರು. ಒಂದೇ ಒಂದು ದಿನ ಸುತ್ತುತ್ತಾನೆ. ಅದು ಅವರಿಗೂ ಗೊತ್ತಿತ್ತು. ತಮ್ಮ ತಂದೆ ಹೋದಾಗ ಹೆಣ್ಣುಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಕೇಳಿ ತಿಳಿದದ್ದು, ಕಾಲು ನಡೆದು ತಿಳಿದದ್ದಲ್ಲ.

"ನಮ್ಮಲ್ಲಿ ಹೂಳೂದ್ರಿ ಅಕ್ಕಾರ," ಎಂದರು ರುದ್ರಪ್ಪ ಮೆಲ್ಲಗೆ. "ಈ ಮಡಕಿ ಸುತ್ತು ನಮಗಿಲ್ಲ. ನನಗ ಹೊಳೀಲೇ ಇಲ್ಲ ನೋಡ್ರಿ."

"ನಿಂಗೆ ಅವತ್ತೇ ಗೊತ್ತಾಯ್ತಾ?" ತುಳಸಿ ಕೇಳಿದಳು.

"ಆಯ್ತು ಆಂಟಿ. ಯಾರಿಗೆ ಅಂತ ಕೇಳೋಕೆ ಬಾಯಿ ಬರಲಿಲ್ಲ. ರೂಮಿಗೆ ಬಂದಮೇಲೆ ಅವರೇ ಅಂದ್ರು, ಬೆಂಚ್ ಮೇಲೆ ಕೂತಿದ್ದೆ ಅಲ್ವಾ, ತುಳಸಿಗೆ ಹೇಳಬೇಡ, ಜೊತೇಲಿ ವಾಕಿಂಗ್ ಹೋಗಿದ್ವಿ ಅನ್ನು, ಉಳಿದದ್ದು ನಾನೇ ಹೇಳ್ತೀನಿ. ಕೈ ಹಿಡ್ಕೊಂಡು ಹೇಳಿದ್ರು. ನಮ್ಮಪ್ಪ ಹೋದಾಗ ಇಲ್ಲಿಂದ ಟಿಕೆಟ್ ಮಾಡಿಸಿ, ಏರ್‌ಪೋರ್ಟಿಗೆ ಬಿಟ್ಟು, ವಿಮಾನ ಹೋಗೋವರೆಗೂ ನಿಂತಿದ್ದವರು ಅವರು. ಹೇಗೆ ಇಲ್ಲ ಅನ್ಲಿ?"

ತುಳಸಿ ಅವನ ಎದುರು ನೆಲದ ಮೇಲೆಯೇ ಕೂತಳು.

"ತಿಂಡಿ ತಿಂದಿದೀಯಾ?" ಎಂದಳು.

ನಿತಿನ್ ಇಲ್ಲವೆಂದು ತಲೆಯಾಡಿಸಿದ. ಅವನ ಕಣ್ಣು ತುಂಬಿದ್ದು ಆ ಪ್ರಶ್ನೆಗೆ.

"ತುಳಸಿ," ಎಂದರು ಶಾಮಲಾ. "ಪೋಲೆಂಡಿನಲ್ಲಿ ಇವರಿಗೆ ಯಾರಿದ್ರು?"

"ಯಾರೂ ಇಲ್ಲ. ಇದೇ ಮೊದಲ ಸಲ ಹೋಗಿದ್ದು. ಹೊರಡೋ ಮುಂಚೆ ಚಳಿ ಎಷ್ಟಿರತ್ತೋ ಅಂತ ನನ್ನೇ ಕೇಳಿದ್ರು."

ಮೂಲೆಯಲ್ಲಿಟ್ಟಿದ್ದ ಮಾತು ಈಗ ತಾನಾಗಿ ಎದ್ದು ಬಂತು. ಮ್ಯಾಪ್ ಬೇಡ, ನನ್ನ ಕೇಳು.

"ನಿತಿನ್, ಮ್ಯಾಪ್ ನೋಡದೆ ತಿರುಗೋರು ಅಂದೆಯಲ್ಲ. ಮೊದಲನೇ ದಿನದಿಂದಾನೇ?"

"ಮೊದಲನೇ ದಿನದಿಂದ. ಒಂದು ಕಡೆ ಬ್ಯಾಂಕ್ ಇತ್ತು. ಹಿಂದೆ ಇಲ್ಲಿ ಹಾಲಿನ ಕ್ಯಾಂಟೀನ್ ಇತ್ತು, ಅಗ್ಗದ ಊಟ, ಸೂಪು ಚೆನ್ನಾಗಿರ್ತಿತ್ತು, ಅಂದ್ರು. ಓದಿದ್ರಾ ಅಂಕಲ್ ಅಂತ ಕೇಳಿದೆ. ಹ್ಞೂಂ, ಎಲ್ಲೋ ಓದಿದ್ದು, ಅಂದ್ರು."

ಸೂಪಿನ ರುಚಿ ಓದಿ ತಿಳಿಯುವಂಥದ್ದಲ್ಲ. ಅದು ಅಲ್ಲಿ ಉಂಡವನಿಗೇ ಗೊತ್ತು.

"ಶಾಮಲಕ್ಕ," ಎಂದಳು ತುಳಸಿ, ಏನನ್ನೋ ಹುಡುಕುವವಳ ಹಾಗೆ. "ಮದುವೆಯಾದ ವರ್ಷ ಇವರ ಹುಟ್ಟುಹಬ್ಬಕ್ಕೆ ಪಾಯಸ ಮಾಡಿದ್ದೆ. ಮುಟ್ಟಲಿಲ್ಲ. ಮೇ ಹದಿನೇಳು ಬಂತು ಅಂದ್ರೆ ಉಪವಾಸ ಇರ್ತಾರೆ. ಯಾವುದೋ ಹರಕೆ ಅಂದ್ರು. ಹುಟ್ಟಿದ ದಿನ ಯಾರಾದ್ರೂ ಉಪವಾಸ ಮಾಡ್ತಾರಾ? ನಾನು ಯಾಕೆ ಮತ್ತೆ ಕೇಳಲಿಲ್ಲ?"

ಆ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಕಟ್ಟೆಯ ಮೇಲಿದ್ದ ಟ್ಯಾಬ್ಲೆಟ್ 'ಟಿಂಗ್' ಎಂದಿತು.

ನಾಲ್ವರೂ ಅತ್ತ ತಿರುಗಿದರು. ನಿತಿನ್ ಹೊರಟುಬಂದ ದಿನದಿಂದ ಅದು ಒಂದು ಸಲವೂ ಸದ್ದು ಮಾಡಿರಲಿಲ್ಲ.

ರುದ್ರಪ್ಪ ಅದನ್ನು ತಂದು ತುಳಸಿಯ ಕೈಗೆ ಕೊಟ್ಟರು. ಹೊಸ ಫೋಟೋ. ಇಲ್ಲಿ ಕಿಟಕಿಯ ತುಂಬ ಬೆಳಗಿನ ಬಿಸಿಲು. ಅಲ್ಲಿ ಆಗಲೇ ಕತ್ತಲೆ. ಕತ್ತಲೆಯ ತುಂಬ ಕೆಂಪು, ಹಳದಿ, ಹಸಿರು ಗಾಜಿನೊಳಗೆ ಉರಿಯುತ್ತಿರುವ ನೂರಾರು ಪುಟ್ಟ ದೀಪಗಳು. ದೀಪಗಳ ನಡುವೆ ಮರಗಳು, ಶಿಲುಬೆಗಳು, ಮೆಲ್ಲಗೆ ನಡೆಯುತ್ತಿರುವ ಜನರ ನೆರಳು.

ಊರಿಗೆ ಊರೇ ದೀಪ ಹಿಡಿದು ಸ್ಮಶಾನಕ್ಕೆ ನಡೆಯುತ್ತದೆ. ಹಲೀನಾ ಗಸಗಸೆಯ ಕೇಕಿನ ಜೊತೆ ಕಟ್ಟಿಕೊಟ್ಟಿದ್ದ ಮಾತು. ಇವತ್ತು ಶನಿವಾರ. ಬಾಕಿ ಇದ್ದ ಕೆಲಸ ಇದು. ಇದಕ್ಕಾಗಿ ಅವರು ಉಳಿದುಕೊಂಡಿದ್ದರು.

ಮತ್ತೆ 'ಟಿಂಗ್'.

ಈ ಸಲ ಒಂದೇ ಕಲ್ಲು. ಮೊಣಕಾಲೆತ್ತರದ, ಪಾಚಿಗಟ್ಟಿದ, ಬಡವರು ನಿಲ್ಲಿಸಿದಂಥ ಕಲ್ಲು. ಅದರ ಬುಡದಲ್ಲಿ ಒಂದು ದೀಪ. ಯಾರೋ ಈಗಷ್ಟೇ ಪಾಚಿಯನ್ನು ಕೈಯಿಂದ ಉಜ್ಜಿ ತೆಗೆದಿದ್ದರು. ಮೇಲೆ ಪೋಲಿಷ್ ಅಕ್ಷರ. ಅದರ ಕೆಳಗೆ, ಕಲ್ಲುಕೆಲಸ ಬಾರದ ಕೈಯೊಂದು ಮೊಳೆಯಿಂದಲೋ ಚಾಕುವಿನಿಂದಲೋ ಕೊರೆದ ಸೊಟ್ಟ ಅಕ್ಷರ.

ಅದು ಕನ್ನಡ.

ತುಳಸಿ ಎರಡು ಬೆರಳಿಟ್ಟು ಚಿತ್ರವನ್ನು ದೊಡ್ಡದು ಮಾಡಿದಳು. ಅಕ್ಷರಗಳು ಒಂದೊಂದಾಗಿ ಹತ್ತಿರ ಬಂದವು.

"ಚಂದ್ರಮೋಹನ್," ಎಂದು ಓದಿದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ಶಾಮಲಾ ಕೇಳಿದ್ದು ಅದೇ ಮೊದಲು.

ಹೆಸರಿನ ಕೆಳಗೆ ಎರಡು ತಾರೀಖುಗಳಿದ್ದವು. ಹುಟ್ಟಿದ್ದು, ೧೯೫೪ರ ಮೇ ಹದಿನೇಳು. ತೀರಿಕೊಂಡದ್ದು, ೧೯೭೯ರ ಚಳಿಗಾಲದ ಒಂದು ದಿನ.

"ಇದೇ ಹುಟ್ಟಿದ ದಿನ," ಎಂದಳು ತುಳಸಿ. "ಪಾಸ್‌ಪೋರ್ಟಲ್ಲಿ ಇರೋದು ಇದೇ. ಶಾಮಲಕ್ಕ, ನಾವು ಮದುವೆಯಾಗಿದ್ದು ಎಂಬತ್ನಾಲ್ಕರಲ್ಲಿ. ಈ ಮನುಷ್ಯ ಸತ್ತು ಐದು ವರ್ಷ ಆದ್ಮೇಲೆ."

ಅವಳ ಇನ್ನೊಂದು ಕೈಯಲ್ಲಿ ಎಲೆಗಳ ಫೋಟೋ ಇನ್ನೂ ಇತ್ತು. ಅವಳು ಅದನ್ನು ಕಲ್ಲಿನ ಚಿತ್ರದ ಪಕ್ಕಕ್ಕೆ ಹಿಡಿದಳು. ಒಂದರಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ಕಾಲು. ಇನ್ನೊಂದರಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ಹೆಸರು.

ಆಗ ಅವಳ ಫೋನ್ ಬಡಿದುಕೊಂಡಿತು. ಇಷ್ಟು ದಿನ ಎತ್ತದಿದ್ದ ನಂಬರು ತಾನಾಗಿ ಕರೆಯುತ್ತಿತ್ತು. ಪರದೆಯ ಮೇಲೆ ಆ ಕಲ್ಲಿನ ಮೇಲಿದ್ದ ಹೆಸರೇ ಮಿನುಗುತ್ತಿತ್ತು.

"ಏನಂತ ಕರೀಲಿ ಶಾಮಲಕ್ಕ?" ತುಳಸಿಯ ದನಿ ತೀರ ಸಣ್ಣಗಿತ್ತು.

ಶಾಮಲಾ ಅವಳ ಬೆನ್ನ ಮೇಲೆ ಕೈಯಿಟ್ಟರು. "ದಿನಾ ಹೇಗೆ ಕರೀತಿದ್ದೆಯೋ ಹಾಗೇ ಕರಿ."

ತುಳಸಿ ಹಸಿರು ಗುಂಡಿಯನ್ನು ಒತ್ತಿದಳು.

"ರೀ," ಎಂದಳು.

ಆ ಕಡೆಯಿಂದ ಮೊದಲು ಬಂದದ್ದು ಒಣ ಎಲೆಗಳ ಮೇಲೆ ತುಂಬ ಜನ ನಡೆಯುವ ಸದ್ದು. ಆಮೇಲೆ, ಮೂವತ್ತು ವರ್ಷದಿಂದ ಈ ಮನೆಯಲ್ಲಿ ಕೇಳುತ್ತಿದ್ದ ಅದೇ ದನಿ, ಸ್ವಲ್ಪ ಕಟ್ಟಿಕೊಂಡಿತ್ತು ಅಷ್ಟೆ:

"ತುಳಸೀ, ಫೋಟೋಗಳೆಲ್ಲ ಮನೆಗೆ ಬಂದು ಸೇರಿದ್ವಾ?"